ಮಿಶಾರಿಯ ನಾಲಿಗೆ

ಮದೀನಾದ ಚಹಾ ವ್ಯಾಪಾರಿ ಶೇಖ್ ಅಬು ಸುಲ್ತಾನ್ ತನಗಾಗಿ ಚಹಾ ಕೊಂಡು ತರುವ ನೌಕರ ಝಿಯಾವುದ್ದೀನನನ್ನು ಗೋದಾಮಿನ ಮೇಲಿನ ಕೋಣೆಗೆ ಕರೆಸಿ, ಪಕ್ಕದಲ್ಲೇ ಕೂರಿಸಿಕೊಂಡು, ತನ್ನ ಕೈಯಾರೆ ಖರ್ಜೂರ ಎತ್ತಿ ಕೊಟ್ಟಾಗಲೇ ಏನೋ ಕೆಟ್ಟದ್ದು ಕಾದಿದೆ ಎಂದು ಅವನಿಗೆ ಹೊಳೆಯಿತು. ಶೇಖ್ ಹಿಂದೆ ಹೀಗೆ ಖರ್ಜೂರ ಕೊಟ್ಟದ್ದು ಒಬ್ಬ ಗುಮಾಸ್ತನಿಗೆ ಮಾತ್ರ. ಆ ಗುಮಾಸ್ತ ಮರುವಾರ ಕೇರಳಕ್ಕೆ ಹೋದವನು ತಿರುಗಿ ಬರಲಿಲ್ಲ.

"ನಿಯಮ ಬದಲಾಗಿದೆ, ಝಿಯಾ," ಎಂದ ಶೇಖ್. "ಖರೀದಿ ಕೆಲಸಕ್ಕೆ ಇನ್ನು ನಮ್ಮ ದೇಶದವರೇ ಇರಬೇಕಂತೆ. ತೀರಿಹೋದ ನನ್ನ ತಮ್ಮನ ಮಗ ಮಿಶಾರಿ ಇದ್ದಾನಲ್ಲ, ಅವನಿಗೆ ಎಲ್ಲವನ್ನೂ ಕಲಿಸು. ಚಳಿಗಾಲ ಪೂರ್ತಿ ಇಲ್ಲಿ ಕಲಿಯಲಿ, ವಸಂತಕ್ಕೆ ನಿನ್ನ ಜೊತೆ ಚೀನಾಕ್ಕೆ ಬರಲಿ. ಆಮೇಲೆ ನೀನು ಮರ್ಯಾದೆಯಿಂದ ಊರಿಗೆ ಹೋಗು."

"ಹಾದಿರ್," ಎಂದ ಝಿಯಾವುದ್ದೀನ್. ಇಪ್ಪತ್ತೆರಡು ವರ್ಷಗಳಿಂದ ತನ್ನನ್ನು ಕೆಲಸಕ್ಕಿಟ್ಟುಕೊಂಡ ಕಫೀಲನ ಯಾವ ಮಾತಿಗೂ ಅವನ ಬಾಯಿಂದ ಬಂದದ್ದು 'ಅಪ್ಪಣೆ' ಎಂಬ ಅದೊಂದೇ ಉತ್ತರ. ಖರ್ಜೂರದ ಬೀಜವನ್ನು ಎಲ್ಲಿ ಉಗುಳುವುದೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ.

ಉಪ್ಪಿನಂಗಡಿಯಿಂದ ಬಂದಾಗ ಅವನು ಇದೇ ಗೋದಾಮಿನಲ್ಲಿ ಗೋಣಿ ಹೊರುತ್ತಿದ್ದ. ಆಗ ಇಲ್ಲಿದ್ದ ಸಿಂಹಳದ ಮುದುಕನೊಬ್ಬ ಅವನಿಗೆ ಚಹಾದ ರುಚಿ ನೋಡುವುದನ್ನು ಕಲಿಸಿದ್ದ. ಮುದುಕ ಸತ್ತ ಮೇಲೆ ಪ್ರತಿ ವಸಂತದಲ್ಲೂ ಚೀನಾಕ್ಕೆ ಹೋಗುವವನು ಝಿಯಾವುದ್ದೀನನೇ ಆದ. ಆನ್‌ಹುಯಿ ಪ್ರಾಂತ್ಯದ ಬೆಟ್ಟಗಳಲ್ಲಿ ಚಹಾ ಬೆಳೆಯುವ ಮುಸ್ಲಿಮರ ಕೆಲವು ಊರುಗಳಿದ್ದವು. ಅಲ್ಲಿ ಅವನಿಗೆ ಹೆಸರೇ ಇರಲಿಲ್ಲ, ಎಲ್ಲರೂ 'ಮದೀನಾದವರು' ಎಂದೇ ಕರೆಯುತ್ತಿದ್ದರು. ಪ್ರವಾದಿಯ ಊರಿನಿಂದ ಬಂದವನೆಂದು ಮುದುಕಿಯರು ಅವನ ತೋಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವನು ಚಹಾ ಹೀರಿ ತಲೆಯಾಡಿಸುವವರೆಗೆ ಇಡೀ ಅಂಗಳ ಉಸಿರು ಹಿಡಿದು ನಿಂತಿರುತ್ತಿತ್ತು. ಅದೇ ಝಿಯಾವುದ್ದೀನ್ ರಜೆಯಲ್ಲಿ ಉಪ್ಪಿನಂಗಡಿಗೆ ಹೋದರೆ ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಬೇಕಾಗಿತ್ತು. ಅವನೆಂದರೆ ಊರಿನವರಿಗೆ ಗಲ್ಫಿನಲ್ಲಿ ಯಾವುದೋ ಚಾಯದ ಅಂಗಡಿಯಲ್ಲಿರುವವನು, ಅಷ್ಟೇ.

ಮನೆಗೆ ಬಂದಾಗ ಹೆಂಡತಿ ಜಸ್ನಾ ಮೀನು ತೊಳೆಯುತ್ತಿದ್ದಳು.

"ಎಂತಕ್ಕೆ ಕರೆದದ್ದಂತೆ ಶೇಖ್?"

"ಎಂತ ಇಲ್ಲ. ಅವರ ತಮ್ಮನ ಮಗನಿಗೆ ಕೆಲಸ ಕಲಿಸ್ಬೇಕಂತೆ."

"ಪಾಪ, ತಾಯಿ ತಂದೆ ಇಲ್ಲದ ಹುಡುಗ ಅಲ್ವಾ ಅದು? ಕಲಿಸಿ. ಪುಣ್ಯ ಉಂಟು."

ಮರುದಿನದಿಂದ ಮಿಶಾರಿ ಬರತೊಡಗಿದ. ಇಪ್ಪತ್ತನಾಲ್ಕರ ಯುವಕ, ತೆಳ್ಳಗೆ, ಮಾತು ಕಡಿಮೆ. ದೊಡ್ಡಪ್ಪನ ಮನೆಯಲ್ಲಿ ಬೆಳೆದಿದ್ದರೂ ಆ ಮನೆಯ ಮಗನಂತೆ ಅವನು ಎಲ್ಲೂ ಕೂರುತ್ತಿರಲಿಲ್ಲ, ಯಾರಾದರೂ ಬಂದು ಏಳು ಎನ್ನಬಹುದು ಎಂಬಂತೆ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದ. ಇಷ್ಟು ವರ್ಷಗಳಲ್ಲಿ ಯಾರೂ ಅವನಿಗೆ ಏನನ್ನೂ ಕೂರಿಸಿಕೊಂಡು ಕಲಿಸಿರಲಿಲ್ಲ. ಗೋದಾಮಿನ ಹಿಂದಿನ ಕೋಣೆಯಲ್ಲಿ ಸಾಲಾಗಿಟ್ಟ ಬಿಳಿ ಬಟ್ಟಲುಗಳು, ಕುದಿಯುವ ನೀರು, ಚಮಚ. ಚಮಚದಿಂದ ಚಹಾವನ್ನು ಸದ್ದು ಮಾಡಿ ಹೀರಿ, ಬಾಯಿ ತುಂಬ ಹರಡಿ, ಉಗುಳಬೇಕು. ಮೊದಮೊದಲು ಝಿಯಾವುದ್ದೀನ್ ಎಲ್ಲವನ್ನೂ ಸರಿಯಾಗಿಯೇ ಕಲಿಸಿದ. ಎಷ್ಟು ಕಲಿಸಿದರೂ ತನ್ನಷ್ಟು ಬರುವುದಕ್ಕೆ ವರ್ಷಗಳೇ ಬೇಕು, ಅಷ್ಟರೊಳಗೆ ಶೇಖ್ ಮನಸ್ಸು ಬದಲಿಸುತ್ತಾನೆ ಎಂಬ ಧೈರ್ಯ ಅವನಿಗಿತ್ತು.

ಮಿಶಾರಿಗೆ ವರ್ಷಗಳು ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಅವನು ಬಟ್ಟಲುಗಳ ಸಾಲಿನಲ್ಲಿ ನಡೆಯುತ್ತ ಒಂದರ ಮುಂದೆ ನಿಂತ. ಮತ್ತೆ ಮೂಸಿದ.

"ಉಸ್ತಾದ್, ಇದು ಕೆಟ್ಟಿದೆ. ಒದ್ದೆಯಾಗಿ ಒಣಗಿದ ಗೋಣಿಯ ವಾಸನೆ."

ಆ ಬಟ್ಟಲನ್ನು ಝಿಯಾವುದ್ದೀನ್ ಆಗಷ್ಟೇ ರುಚಿ ನೋಡಿ ಒಳ್ಳೆಯದೆಂದು ಮುಂದೆ ಹೋಗಿದ್ದ. ಅವನು ಹಿಂದೆ ಬಂದು ಇನ್ನೊಮ್ಮೆ ಹೀರಿದ. ಏನೂ ಸಿಗಲಿಲ್ಲ. ಮತ್ತೊಮ್ಮೆ ಹೀರಿ ಕಣ್ಣು ಮುಚ್ಚಿದಾಗ, ನಾಲಿಗೆಯ ತುದಿಯಲ್ಲಿ ಎಲ್ಲೋ ಒಂದೆಳೆ ಮುಗ್ಗಲು. ಹಡಗಿನಲ್ಲಿ ತೇವ ತಗುಲಿದ ಗೋಣಿಯದು. ಹುಡುಗನ ಮಾತು ಸರಿಯಾಗಿತ್ತು. ಝಿಯಾವುದ್ದೀನ್ ಚಮಚವನ್ನು ಕೆಳಗಿಟ್ಟ. ಇವನು ವಸಂತಕ್ಕೆ ಚೀನಾದ ಆ ಅಂಗಳದಲ್ಲಿ ನಿಲ್ಲುತ್ತಾನೆ, ಮುದುಕಿಯರು ಇವನ ತೋಳು ಮುಟ್ಟುತ್ತಾರೆ, ತಾನು ಉಪ್ಪಿನಂಗಡಿಯ ಹಿಂದಿನ ಸಾಲಿನಲ್ಲಿರುತ್ತೇನೆ.

"ಅಲ್ಲ," ಎಂದ.

"ಅಲ್ಲವೇ?"

"ಈ ಸಾಲಿನಲ್ಲಿ ಅತ್ಯಂತ ಒಳ್ಳೆಯದೇ ಇದು. ನೀನು ಕೆಟ್ಟದ್ದು ಅಂದುಕೊಂಡದ್ದು ಬೆಟ್ಟದ ಮಣ್ಣಿನ ವಾಸನೆ. ನಾವು ಅದಕ್ಕೆ ಆಳ ಅನ್ನುತ್ತೇವೆ. ಹೊಸಬರಿಗೆ ಗೊತ್ತಾಗುವುದಿಲ್ಲ."

ಮಿಶಾರಿ ಮತ್ತೆ ಹೀರಿದ. ಅವನ ಹುಬ್ಬು ಗಂಟಾಯಿತು. ಝಿಯಾವುದ್ದೀನ್ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದ. ನಿಧಾನವಾಗಿ ಆ ಗಂಟು ಬಿಚ್ಚಿಕೊಂಡಿತು.

"ಕ್ಷಮಿಸಿ ಉಸ್ತಾದ್. ನನ್ನ ನಾಲಿಗೆ ಇನ್ನೂ ಹಸಿ."

ಅಲ್ಲಿಂದ ಪಾಠ ತಲೆಕೆಳಗಾಯಿತು. ಮುಗ್ಗಲು ಹಿಡಿದದ್ದು ಆಳವಾಯಿತು, ಹೊಸ ಚಿಗುರಿನ ಪರಿಮಳ ಎಳಸಾಯಿತು, ಹಳಸಿದ್ದು ಮಾಗಿದ್ದಾಯಿತು. ಸುಳ್ಳು ಹೇಳುವುದು ಸುಲಭವಿತ್ತು. ಕಷ್ಟವಿದ್ದದ್ದು ಹುಡುಗನ ನಾಲಿಗೆಯನ್ನು ಸುಮ್ಮನಾಗಿಸುವುದು, ಏಕೆಂದರೆ ಅದು ಪ್ರತಿ ಸಲವೂ ಸರಿಯಾಗಿಯೇ ಹೇಳುತ್ತಿತ್ತು. ಅದಕ್ಕಾಗಿ ಝಿಯಾವುದ್ದೀನ್ ಅವನು ಸರಿ ಹೇಳಿದಾಗಲೆಲ್ಲ ಸಣ್ಣಗೆ ನಕ್ಕ. ತಪ್ಪು ಹೇಳಿದಾಗ ಬೆನ್ನು ತಟ್ಟಿದ. ಸಿಗರೇಟು ಸೇದುತ್ತೀಯಾ, ಅದಕ್ಕೇ ಹೀಗೆ ಎಂದ. ಮಿಶಾರಿ ಸಿಗರೇಟು ಬಿಟ್ಟ. ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಕಹ್ವಾ ನಾಲಿಗೆ ಕೆಡಿಸುತ್ತದೆ ಎಂದಾಗ ಅದನ್ನೂ ಬಿಟ್ಟ. ಶುಕ್ರವಾರಗಳಲ್ಲಿ ಅವನು ಉಸ್ತಾದರ ಮನೆಗೆ ಊಟಕ್ಕೆ ಬಂದು, ಜಸ್ನಾಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದು, ಅವಳ ಕೈಯ ಬಂಗುಡೆ ಸಾರಿನಲ್ಲಿ ಅಕ್ಕಿರೊಟ್ಟಿ ಪತ್ತಿರಿ ಅದ್ದಿ ತಿನ್ನುತ್ತಿದ್ದ. ಮಕ್ಕಳಿಲ್ಲದ ಜಸ್ನಾ ವಾರವಿಡೀ ಆ ಶುಕ್ರವಾರಕ್ಕೆ ಕಾಯುತ್ತಿದ್ದಳು. ಒಂದು ದಿನ ಅವನು ಸಾರನ್ನು ಪಕ್ಕಕ್ಕೆ ಸರಿಸಿ ಬರೀ ಪತ್ತಿರಿ ತಿಂದ.

"ಎಂತ ಮಗಾ, ಖಾರ ಆಯ್ತಾ?"

"ಇಲ್ಲ ಖಾಲಾ. ನನ್ನ ನಾಲಿಗೆ ದಡ್ಡ. ಅದಕ್ಕೆ ಉಪವಾಸ ಹಾಕಿದ್ದೇನೆ," ಎಂದು ನಕ್ಕ.

ಜಸ್ನಾ ಗಂಡನ ಕಡೆ ನೋಡಿದಳು. ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ.

ವಸಂತದಲ್ಲಿ ಇಬ್ಬರೂ ಚೀನಾಕ್ಕೆ ಹೋದರು. ರೈಲು ಇಳಿದು, ಬೆಟ್ಟದ ತಿರುವುಗಳಲ್ಲಿ ಜೀಪಿನಲ್ಲಿ ಏರಿ, ಮೊದಲು ಹೋದದ್ದು ಹಾಜಿ ಮಾ ಎಂಬ ಹಳೆಯ ಬೆಳೆಗಾರರ ಮನೆಗೆ. ಆ ಸುತ್ತಿನಲ್ಲಿ ಹಜ್ ಮಾಡಿ ಬಂದವರು ಅವರೊಬ್ಬರೇ. ಮದೀನಾಕ್ಕೆ ಬಂದಾಗ ಜಸ್ನಾಳ ಕೈಯ ಊಟ ಉಂಡವರು. ಅವರ ಮಗಳು ಸಫಿಯಾ ಅರಬ್ಬಿ ಓದಿಕೊಂಡಿದ್ದಳು. ಅಪ್ಪನ ಮಾತನ್ನು ಅವಳೇ ಅರಬ್ಬಿಗೆ ತಂದು ಹೇಳುತ್ತಿದ್ದಳು.

ಅಂಗಳದಲ್ಲಿ ದೊಡ್ಡ ಬಾಣಲೆಯಲ್ಲಿ ಹಾಜಿ ಮಾ ಬರಿಗೈಯಿಂದ ಚಿಗುರು ಹುರಿಯುತ್ತಿದ್ದರು. ಆ ಪರಿಮಳ ಬೇಲಿಯ ಆಚೆಗೇ ಬಂದು ಎದುರುಗೊಳ್ಳುವಂತಿತ್ತು. ಮಿಶಾರಿ ಒಳಗೆ ಕಾಲಿಟ್ಟವನು ನಿಂತುಬಿಟ್ಟ. ಅವನ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಮುಖ ಮಗುವಿನದರಂತಾಯಿತು. ಝಿಯಾವುದ್ದೀನ್ ಸಣ್ಣಗೆ ಕೆಮ್ಮಿದ. ಮಿಶಾರಿ ಕಣ್ಣು ತೆರೆದು ಉಸ್ತಾದರನ್ನು ನೋಡಿ ನೆಟ್ಟಗಾದ.

"ಎಳಸು," ಎಂದ, ಬಟ್ಟಲಿನಿಂದ ಹೀರಿ ಉಗುಳಿ. "ಇದರಲ್ಲಿ ಆಳವಿಲ್ಲ."

ಸಫಿಯಾ ಅದನ್ನು ಅಪ್ಪನಿಗೆ ಹೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಅಷ್ಟರಲ್ಲಿ ಮಿಶಾರಿ ಕೊಟ್ಟಿಗೆಯ ಪಕ್ಕದಲ್ಲಿದ್ದ ಬುಟ್ಟಿಯೊಂದರ ಬಳಿ ಬಗ್ಗಿದ್ದ. ಮಾಡು ಸೋರಿ ನೆನೆದ ಹಿಂದಿನ ವರ್ಷದ ಚಹಾ ಅದು. ಅವನು ಒಂದು ಹಿಡಿ ಎತ್ತಿ ಮೂಸಿ, "ಇದು. ಇಂಥದ್ದು ಎಷ್ಟಿದೆ ಇವರ ಹತ್ತಿರ?" ಎಂದು ಕೇಳಿದ.

ಹಾಜಿ ಮಾ ತಮಾಷೆಯೆಂದು ಜೋರಾಗಿ ನಕ್ಕರು. ಹುಡುಗ ನಗದಿದ್ದುದನ್ನು ಕಂಡು ಅವರ ನಗು ನಿಂತಿತು. ಅವರು ಝಿಯಾವುದ್ದೀನನ ಕಡೆ ತಿರುಗಿ ಏನೋ ಹೇಳಿದರು.

"ಅದು ಗಿಡದ ಬುಡಕ್ಕೆ ಹಾಕುವ ಗೊಬ್ಬರ ಅನ್ನುತ್ತಾರೆ ಅಪ್ಪ," ಎಂದಳು ಸಫಿಯಾ. "ನೀವು ಅವನಿಗೆ ಹೇಳಿ, ಚಿಕ್ಕಪ್ಪ. ಪ್ರವಾದಿಯ ಊರಿಗೆ ಅದನ್ನು ಕಳಿಸುವುದಿಲ್ಲ ಅನ್ನುತ್ತಾರೆ."

ಝಿಯಾವುದ್ದೀನ್ ಮಿಶಾರಿಯ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದ. "ನೋಡಿದೆಯಾ? ಒಳ್ಳೆಯದನ್ನು ಬೇರೆ ಯಾರಿಗೋ ಎತ್ತಿಟ್ಟಿದ್ದಾರೆ. ಗೊಬ್ಬರವಂತೆ. ನೀನು ಹೊಸಬ, ನಿನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ."

ಮಿಶಾರಿಯ ಮುಖ ಕೆಂಪಾಯಿತು. ಹಾಜಿ ಮಾ ಎರಡೂ ಕೈಯಲ್ಲಿ ಹಿಡಿದು ತಂದ ಹೊಸ ಚಹಾದ ಬಟ್ಟಲನ್ನು ಅವನು ಮುಟ್ಟಲಿಲ್ಲ. ಊಟಕ್ಕೆ ಎಂದು ಕೊಯ್ದಿದ್ದ ಕುರಿ ಹಾಗೇ ಉಳಿಯಿತು. ಅವನು ಹೋಗಿ ಜೀಪಿನಲ್ಲಿ ಕೂತ.

ಬೇಲಿಯ ಬಳಿ ಸಫಿಯಾ ಝಿಯಾವುದ್ದೀನನನ್ನು ತಡೆದಳು. ನೀವು ಅವನಿಗೆ ಹೇಳಿದ್ದು ನನಗೆ ಕೇಳಿಸಿತು, ಅವನಿಗೆ ಯಾಕೆ ಹೀಗೆ ಮಾಡುತ್ತಿದ್ದೀರಿ ಎಂದು ಕೇಳಿದಳು.

"ಇದರಲ್ಲಿ ತಲೆ ಹಾಕಬೇಡ ಮಗಳೇ. ನಿಮ್ಮ ಚಹಾದಲ್ಲಿ ಕೀಟನಾಶಕ ಇದೆ ಅಂತ ನಾನು ಜಿದ್ದಾದಲ್ಲಿ ಒಂದು ಮಾತು ಹೇಳಿದರೆ ಸಾಕು, ಈ ಬೆಟ್ಟಕ್ಕೆ ಯಾವ ಅರಬ್ಬನೂ ಕಾಲಿಡುವುದಿಲ್ಲ."

ಅವಳು ಹೆದರಿದ್ದು ಅವನಿಗೆ ಕಂಡಿತು. ಆದರೂ ಅವಳು ಸುಮ್ಮನಿರಲಿಲ್ಲ. ಎರಡು ದಿನದ ನಂತರ ಪೇಟೆಯ ಹೋಟೆಲಿನಲ್ಲಿ ಮಿಶಾರಿ ತನ್ನ ಫೋನನ್ನು ಉಸ್ತಾದರ ಮುಂದೆ ಚಾಚಿದ. ಸಫಿಯಾಳ ಸಂದೇಶ: ನಿನ್ನ ಗುರು ನಿನಗೆ ಬೇಕೆಂದೇ ತಪ್ಪು ಕಲಿಸಿದ್ದಾರೆ, ನಿನ್ನ ಮೂಗನ್ನು ನಂಬು, ನೀನು ಒಳಗೆ ಬಂದಾಗ ನಿನ್ನ ಮುಖವನ್ನು ಅಪ್ಪ ನೋಡಿದ್ದಾರೆ.

ಝಿಯಾವುದ್ದೀನ್ ಅದನ್ನು ಎರಡು ಸಲ ಓದಿದ.

"ನಿಮ್ಮ ಬಗ್ಗೆ ಇಂಥ ಮಾತು," ಎಂದ ಮಿಶಾರಿ. "ಅವಳನ್ನು ಬ್ಲಾಕ್ ಮಾಡಿದ್ದೇನೆ ಉಸ್ತಾದ್. ಆ ಮನೆಯ ಒಂದೆಲೆಯನ್ನೂ ಇನ್ನು ನಾವು ಕೊಳ್ಳುವುದು ಬೇಡ."

ಪೇಟೆಯ ದಲ್ಲಾಳಿಯೊಬ್ಬನ ಉಗ್ರಾಣದಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಹಳೆಯ ಮಾಲನ್ನು ಮಿಶಾರಿ ಸಂತೋಷದಿಂದ ಕೊಂಡ. ದಲ್ಲಾಳಿ ಅವನನ್ನೂ ಝಿಯಾವುದ್ದೀನನನ್ನೂ ನೋಡಿ, ತುಟಿ ಒತ್ತಿ, ರಶೀದಿ ಬರೆದ. ಜಿದ್ದಾಕ್ಕೆ ಬಂದಿಳಿದ ದಿನವೇ ಝಿಯಾವುದ್ದೀನ್ ಇಬ್ಬರು ವ್ಯಾಪಾರಿಗಳ ಕಿವಿಯಲ್ಲಿ ಕೀಟನಾಶಕದ ಮಾತು ಹಾಕಿದ. ಸಫಿಯಾ ಇನ್ನೊಂದು ದಾರಿ ಹುಡುಕುವ ಮೊದಲೇ ಅವಳ ಮಾತಿಗೆ ಬೆಲೆ ಇಲ್ಲದಂತೆ ಮಾಡಬೇಕಿತ್ತು.

ಬೇಸಿಗೆಯಲ್ಲಿ ಮಾಲು ಮದೀನಾ ತಲುಪಿತು. ಪ್ರತಿವರ್ಷದಂತೆ ಅಬು ಸುಲ್ತಾನ್ ಊರಿನ ಚಹಾ ವ್ಯಾಪಾರಿಗಳನ್ನೂ ಬುಖಾರಿ ಅನ್ನದ ಹೋಟೆಲುಗಳ ಮಾಲೀಕರನ್ನೂ ತನ್ನ ಮನೆಯ ಅತಿಥಿಕೋಣೆ ಮಜ್ಲಿಸಿಗೆ ಕರೆದ. ಮಿಶಾರಿ ಹೊಸ ಬಿಳಿ ನಿಲುವಂಗಿ ಥೋಬ್ ತೊಟ್ಟು ನಡುವೆ ನಿಂತ. ಬಟ್ಟಲುಗಳು ಹಂಚಿಕೆಯಾಗುವಾಗ ತಾನು ಕಲಿತ ಮಾತನ್ನೆಲ್ಲ ಹೇಳಿದ. ಬೆಟ್ಟದ ಆಳ, ಮಾಗಿದ ರುಚಿ. ಅವನು ಅಷ್ಟು ದೀರ್ಘವಾಗಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮೊದಲು ಉಗುಳಿದವನು ಮುಸ್ತಫಾ ಎಂಬ ಮುದಿ ಹೋಟೆಲಿನವ, ನೇರವಾಗಿ ಕರವಸ್ತ್ರಕ್ಕೆ. ಆಮೇಲೆ ಒಬ್ಬೊಬ್ಬರಾಗಿ ಬಟ್ಟಲು ಕೆಳಗಿಟ್ಟರು. ಯಾರೋ ನಕ್ಕರು. ಶೇಖ್ ಒಂದು ಗುಟುಕು ಕುಡಿದು, ಕೆಟಲನ್ನೇ ಎತ್ತಿ ಮಿಶಾರಿಯ ಮುಂದಿಟ್ಟ.

"ಕುಡಿ. ಆಳ ಎಷ್ಟಿದೆ ಅಂತ ಎಲ್ಲರೂ ನೋಡಲಿ."

ಮಿಶಾರಿ ಕುಡಿದ. ಶೇಖ್ ಮತ್ತೆ ಬಗ್ಗಿಸಿದ. ನಾಲ್ಕನೆಯದೋ ಐದನೆಯದೋ ಬಟ್ಟಲಿಗೆ ಅವನ ಕಣ್ಣಲ್ಲಿ ನೀರು ಬಂತು, ಥೋಬಿನ ಎದೆಯ ಮೇಲೆ ಹಳದಿ ಕಲೆಗಳಾದವು. ನಗು ಈಗ ಬಾಯಿ ಮುಚ್ಚಿಕೊಂಡ ನಗುವಾಗಿರಲಿಲ್ಲ. ಕೆಟಲು ಬರಿದಾದ ಮೇಲೆ ಶೇಖ್ ತಿರುಗಿ, "ಝಿಯಾ, ನೀನು ಇವನಿಗೆ ಏನು ಕಲಿಸಿದೆ?" ಎಂದ.

"ನನಗೆ ಬಂದದ್ದನ್ನೆಲ್ಲ ಕಲಿಸಿದೆ, ಶೇಖ್. ನಾಲಿಗೆ ದೇವರು ಕೊಡಬೇಕಾದದ್ದು."

"ಉಸ್ತಾದರದ್ದು ತಪ್ಪಿಲ್ಲ," ಎಂದ ಮಿಶಾರಿ, ಬಾಯಿ ಒರೆಸಿಕೊಳ್ಳುತ್ತ. "ಅವರು ಬಹಳ ಕಷ್ಟಪಟ್ಟರು."

ಅದೇ ವಾರ ಅವನನ್ನು ಯೆಮನ್ ಗಡಿಯ ಹತ್ತಿರ, ನಜ್ರಾನಿನಲ್ಲಿದ್ದ ಶೇಖನ ಸಣ್ಣ ಅಂಗಡಿಗೆ ಕಳಿಸಿದರು. ಖರೀದಿಯ ಹುದ್ದೆಯನ್ನು ಕಾಗದದಲ್ಲಿ ಶೇಖನ ಮಗನ ಹೆಸರಿಗೆ ಮಾಡಿ, ಝಿಯಾವುದ್ದೀನನ ವಾಸದ ಪರವಾನಗಿ ಇಕಾಮಾದಲ್ಲಿ ಬೇರೇನೋ ಕೆಲಸ ಬರೆಸಿ, ಅವನನ್ನೇ ಉಳಿಸಿಕೊಂಡರು.

ಹೊರಡುವ ಮೊದಲು ಮಿಶಾರಿ ಖಾಲಾಳಿಗೆ ಸಲಾಂ ಹೇಳಲು ಬಂದಿದ್ದ. ಆಗ ಝಿಯಾವುದ್ದೀನ್ ಮನೆಯಲ್ಲಿರಲಿಲ್ಲ. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಜಸ್ನಾ ಕೇಳಿದಳು.

"ನಮ್ಮಲ್ಲಿ ಮಳೆಗಾಲದಲ್ಲಿ ಅವಲಕ್ಕಿಗೆ ಬೂಷ್ಟು ಬಂದ್ರೆ ಬೆಕ್ಕಿಗೂ ಗೊತ್ತಾಗ್ತದೆ. ಅವನಿಗೆ ಗೊತ್ತಾಗ್ಲಿಲ್ವಾ?"

"ಇಲ್ಲ. ಅವನಿಗೆ ನಾಲಿಗೆ ಇಲ್ಲ."

"ಗೊತ್ತಾಗಿತ್ತು. ಚಳಿಗಾಲದಲ್ಲೇ ಕೆಟ್ಟದ್ದು ಅಂದಿದ್ದನಂತೆ. ನೀವು ಅಲ್ಲ ಅಂದ್ರಂತೆ. ಅದನ್ನು ಅವ ತನ್ನದೇ ತಪ್ಪು ಅಂತ ಹೇಳಿ ಇಲ್ಲಿ ಕೂತು ಅತ್ತ."

ಝಿಯಾವುದ್ದೀನ್ ಕುರ್ಚಿ ಎಳೆದು ಕೂತ. "ಊರಿಗೆ ಹೋಗಿ ಎಂತ ಮಾಡುದು ಜಸ್ನಾ? ನಿನ್ನ ಅಣ್ಣನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತ್ಕೊಳ್ಳುದಾ?"

"ಕೂತ್ಕೊಂಡ್ರೆ ಎಂತ ಆಗ್ತಿತ್ತು?"

ಝಿಯಾವುದ್ದೀನನಿಗೆ ಸಿಟ್ಟು ಬಂತು. "ನಿನಗೊಂದು ಆಗ್ಲಿಲ್ಲ ಅಂತ ಕಂಡವರ ಮಗನನ್ನು ಮಗ ಮಾಡ್ಕೊಂಡದ್ದು ನೀನು. ಅದಕ್ಕೆ ಉರಿಯುದು ನಿನಗೆ."

ಜಸ್ನಾ ಒಳಗೆ ಹೋದಳು. ಅಂದಿನಿಂದ ಅವಳು ಅನ್ನ ಬಡಿಸುತ್ತಿದ್ದಳು, ಬಟ್ಟೆ ಇಸ್ತ್ರಿ ಮಾಡಿಡುತ್ತಿದ್ದಳು, ಕೇಳಿದ್ದಕ್ಕಷ್ಟೇ ಹೌದು ಅಲ್ಲ ಅನ್ನುತ್ತಿದ್ದಳು.

ಮುಂದಿನ ವಸಂತದಲ್ಲಿ ಶೇಖ್ ಗಾಳಿಸುದ್ದಿಗೆ ಕಿವಿಗೊಡದೆ ಹಾಜಿ ಮಾ ಅವರ ಚಹಾವೇ ಬೇಕೆಂದು ಹಟ ಹಿಡಿದ. ಕೀಟನಾಶಕದ ಸುದ್ದಿ ಎಲ್ಲ ಕಡೆ ಹಬ್ಬಿದ್ದರಿಂದ ಆ ವರ್ಷ ಅವರ ಅಂಗಳಕ್ಕೆ ಬಂದ ಖರೀದಿದಾರ ಝಿಯಾವುದ್ದೀನ್ ಒಬ್ಬನೇ. ಮೇಲಿನ ಇಳಿಜಾರಿನ ಗಿಡಗಳನ್ನು ಬೇರು ಸಹಿತ ಕಿತ್ತು ಜೋಳ ಹಾಕಿದ್ದರು. ಅವನು ಹೇಳಿದ ದರಕ್ಕೆ ಹಾಜಿ ಮಾ ತಲೆಯಾಡಿಸಿದರು. ಸಫಿಯಾ ಅವನನ್ನು ಚಿಕ್ಕಪ್ಪ ಎನ್ನದೆ, ಅಪರಿಚಿತರಿಗೆ ಹೇಳುವಂತೆ ಮರ್ಯಾದೆಯಿಂದ ಪ್ರತಿ ಮಾತನ್ನೂ ಅರಬ್ಬಿಗೆ ತಂದಳು. ಬೇರೆಯ ಮಾತೆಂದರೆ ಒಂದೇ: "ಆ ಹುಡುಗ ಹೇಗಿದ್ದಾನೆ ಅಂತ ಅಪ್ಪ ಕೇಳುತ್ತಾರೆ. ಅಂಥ ಮೂಗಿನವನನ್ನು ಈ ಬೆಟ್ಟದಲ್ಲೂ ನೋಡಿಲ್ಲವಂತೆ."

"ಚೆನ್ನಾಗಿದ್ದಾನೆ," ಎಂದ ಝಿಯಾವುದ್ದೀನ್. ಮುದುಕಿಯರು ಯಾರೂ ಅವನ ಹತ್ತಿರ ಬರಲಿಲ್ಲ.

ಆ ಮಾತು ಅವನ ಜೊತೆ ಮದೀನಾದವರೆಗೂ ಬಂತು. ಮನೆಗೆ ಬಂದವನು ಜಸ್ನಾಳಿಗೆ ಅದನ್ನು ಹೇಳಿದ, ಯಾಕೆ ಹೇಳಿದನೆಂದು ಅವನಿಗೇ ಗೊತ್ತಿಲ್ಲ. ಅವಳು ಎಷ್ಟೋ ತಿಂಗಳ ನಂತರ ಅವನ ಮುಖ ನೋಡಿ ಮಾತಾಡಿದಳು.

"ಹೋಗಿ ಅವನಿಗೆ ಹೇಳಿ ಬನ್ನಿ."

ನಜ್ರಾನಿನ ಅಂಗಡಿ ಬಿಸಿಲಿಗೆ ಎದುರಾಗಿತ್ತು. ಝಿಯಾವುದ್ದೀನನನ್ನು ಕಂಡ ಕೂಡಲೇ ಮಿಶಾರಿ ಗಲ್ಲೆಯಿಂದ ಎದ್ದು ಬಂದು ಭುಜಕ್ಕೆ ಮುತ್ತಿಟ್ಟ. ಸೊರಗಿದ್ದ, ಆದರೆ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅವನ ಕೈಕೆಳಗಿನ ಇಕ್ರಾಮುಲ್ಲಾ ಎಂಬ ಪಠಾಣ ಊಟ ತಂದಿಟ್ಟ. ಮಿಶಾರಿ ತುತ್ತು ಎತ್ತುವ ಮೊದಲು, "ಉಪ್ಪು ಸರಿ ಇದೆಯಾ, ನೋಡು" ಎಂದು ಅವನಿಗೆ ಹೇಳಿ ಕಾದ. ಇಕ್ರಾಮುಲ್ಲಾ ರುಚಿ ನೋಡಿ ಸರಿ ಎಂದ ಮೇಲೆಯೇ ತಿಂದ. ದಿನವೂ ನಡೆಯುವ ಪದ್ಧತಿಯಂತೆ ಅದು ಕಾಣುತ್ತಿತ್ತು.

ಇಕ್ರಾಮುಲ್ಲಾ ಹೊರಗೆ ಹೋದ ಮೇಲೆ ಝಿಯಾವುದ್ದೀನ್ ಹೇಳಿದ. ತಡೆದು ತಡೆದು, ಆದರೆ ಎಲ್ಲವನ್ನೂ. ನೀನು ಕೆಟ್ಟದ್ದು ಅಂದದ್ದು ಕೆಟ್ಟದ್ದೇ ಆಗಿತ್ತು. ನನಗಿಂತ ನಿನ್ನ ನಾಲಿಗೆ ಹೆಚ್ಚಿನದು. ನನ್ನ ಜಾಗ ಹೋಗುತ್ತದೆಂದು ನಾನು ಬೇಕೆಂದೇ ಸುಳ್ಳು ಕಲಿಸಿದೆ. ಆ ಹುಡುಗಿ ಬರೆದದ್ದು ನಿಜ.

ಮಿಶಾರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಖಾಲಾ ಕಳಿಸಿದರಾ?" ಎಂದ.

"ಹೌದು. ಆದರೆ ಹೇಳಿದ್ದು ಸತ್ಯ."

ಮಿಶಾರಿ ನಕ್ಕ. ಅವನ ಕಣ್ಣು ತುಂಬಿತ್ತು. "ನನಗೆ ಸಮಾಧಾನವಾಗಲಿ ಅಂತ ಇಷ್ಟು ದೂರ ಬಂದು, ನಿಮ್ಮ ಮೇಲೆ ನೀವೇ ಇಂಥ ತಪ್ಪು ಹೊತ್ತುಕೊಳ್ಳುತ್ತೀರಾ ಉಸ್ತಾದ್? ನನ್ನ ತಂದೆ ಬದುಕಿದ್ದರೂ ಇಷ್ಟು ಮಾಡುತ್ತಿರಲಿಲ್ಲ."

"ಮಿಶಾರಿ, ಕೇಳು."

ಝಿಯಾವುದ್ದೀನ್ ಎದ್ದು ತಾನೇ ನೀರು ಕಾಯಿಸಿದ. ಚೀಲದಲ್ಲಿದ್ದ ಹಾಜಿ ಮಾ ಅವರ ಹೊಸ ಚಹಾವನ್ನು ಒಂದು ಬಟ್ಟಲಿಗೆ, ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹೋದ ವರ್ಷದ ಮುಗ್ಗಲು ಮಾಲನ್ನು ಇನ್ನೊಂದಕ್ಕೆ ಹಾಕಿದ. ಎರಡನ್ನೂ ಹುಡುಗನ ಮುಂದೆ ತಳ್ಳಿದ. "ಕುಡಿದು ನೀನೇ ಹೇಳು."

ಮಿಶಾರಿ ಮೊದಲನೆಯದನ್ನು ಹೀರಿದ. ಎರಡನೆಯದನ್ನು ಹೀರಿದ. ಮತ್ತೆ ಮೊದಲನೆಯದಕ್ಕೆ ಹೋದ. ಕಣ್ಣು ಮುಚ್ಚಿಕೊಳ್ಳಲಿಲ್ಲ, ಹುಬ್ಬು ಗಂಟಾಗಲಿಲ್ಲ. ಬಟ್ಟಲು ಇಟ್ಟು ಉಸ್ತಾದರ ಮುಖವನ್ನೇ ಹುಡುಕುವಂತೆ ನೋಡಿದ.

"ಯಾವುದು ಉಸ್ತಾದ್? ನೀವು ಹೇಳಿ. ನೀವು ಯಾವುದು ಅಂದರೆ ಅದು."

ಆಗ ಗಿರಾಕಿಯೊಬ್ಬ ಬಂದ. ಮಿಶಾರಿ ಎದ್ದು ಹೋಗಿ ಅಕ್ಕಿ ತೂಗಿ ಕೊಟ್ಟ. ಮಧ್ಯಾಹ್ನ ಅವನೇ ಕಾರಿನಲ್ಲಿ ವಿಮಾನ ನಿಲ್ದಾಣದವರೆಗೆ ಬಂದು, ಖಾಲಾಳಿಗೆಂದು ನಜ್ರಾನಿನ ಕಿತ್ತಳೆಯ ಪೆಟ್ಟಿಗೆಯೊಂದನ್ನು ಕೊಟ್ಟ. ಹಣ್ಣು ಸಿಹಿ ಇವೆಯೆಂದು ಇಕ್ರಾಮುಲ್ಲಾ ಹೇಳಿದ್ದಾನೆ ಎಂದ.

ಜಸ್ನಾ ಅಡುಗೆಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಳು.

"ಹೇಳಿದ್ರಾ?"

"ಹೇಳಿದೆ. ನಂಬಲಿಲ್ಲ."

ಅವಳು ಕಿತ್ತಳೆಗಳನ್ನು ಒಂದೊಂದಾಗಿ ಒರೆಸಿ ಬುಟ್ಟಿಗೆ ಹಾಕುತ್ತ ಹೋದಳು. ಝಿಯಾವುದ್ದೀನ್ ಬಾಗಿಲಲ್ಲಿ ನಿಂತಿದ್ದ. ಅವಳು ತಿರುಗಲಿಲ್ಲ. ಗೋದಾಮಿಗೆ ಹೊಸ ಮಾಲು ಬರುವುದಿತ್ತು, ಅವನು ಚಪ್ಪಲಿ ಮೆಟ್ಟಿ ಹೊರಟ.